ಜರಡಿ ಎಳೆದ ಗೆರೆ

ಮಂಡಕ್ಕಿ ಭಟ್ಟಿಯಲ್ಲಿ ನನ್ನ ಕೆಲಸ ಜರಡಿ ಹಿಡಿಯುವುದು. ಕಾದ ಮರಳಿನಲ್ಲಿ ಅಕ್ಕಿ ಅರಳಿ ಮಂಡಕ್ಕಿಯಾಗಿ ಹೊರಗೆ ಬಂದಾಗ ಅದರ ಜೊತೆ ಒಂದಿಷ್ಟು ಮರಳು, ಅರಳದ ಕಾಳು, ಕರಕು ಬಂದೇ ಬರುತ್ತವೆ. ಅದನ್ನು ಜರಡಿಗೆ ಸುರಿದು ಅಲ್ಲಾಡಿಸಬೇಕು. ಬೀಳಬೇಕಾದದ್ದು ಬೀಳಬೇಕು, ಉಳಿಯಬೇಕಾದದ್ದು ಚೀಲಕ್ಕೆ ಹೋಗಬೇಕು. ಮದುವೆಯಾಗಿ ದಾವಣಗೆರೆಗೆ ಬಂದ ವರ್ಷ ಹಿಡಿದ ಜರಡಿ ಇದು. ಈಗ ಬಲ ಭುಜ ಮೇಲೇಳುವುದಿಲ್ಲ, ಎಡಗೈ ಮೇಲೆ ಭಾರ ಹಾಕಿ ನಡೆಸುತ್ತೇನೆ. ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹೇಳಬೇಕಾದದ್ದು ನಾನು ಮಾಡಿದ ಒಂದು ತಪ್ಪಿನ ವಿಷಯ. ಆ ತಪ್ಪಿನಿಂದ ಮೊಮ್ಮಗಳ ಒಂದು ವರ್ಷ ಹಾಳಾಗುವುದರಲ್ಲಿತ್ತು.

ಮೊಮ್ಮಗಳು ಅಂದರೆ ಮಗಳ ಮಗಳು. ಮಗಳು, ಅಳಿಯ ಕುಕ್ಕುವಾಡದಲ್ಲಿದ್ದಾರೆ. ಹುಡುಗಿ ಇಂಜಿನಿಯರಿಂಗ್ ಓದಲು ನನ್ನ ಮನೆಯಲ್ಲಿ ಉಳಿದುಕೊಂಡಿದ್ದಳು. ಓದುವುದು ಮೆಕ್ಯಾನಿಕಲ್. ಎರಡನೇ ವರ್ಷದಲ್ಲಿದ್ದಾಗ ನಮ್ಮ ಅನ್ನದ ಪಾತ್ರೆಯ ಮುಚ್ಚಳದ ಹಿಡಿ ಮುರಿದಿತ್ತು. ಅವಳು ಮುಚ್ಚಳವನ್ನು ತಿರುಗಿಸಿ ಮುರುಗಿಸಿ ಅಳೆದು, ಕಂಪ್ಯೂಟರಿನಲ್ಲಿ ಹಿಡಿಯ ಚಿತ್ರ ಬರೆದಳು. ಕಾಲೇಜಿನಲ್ಲಿ ಪ್ಲಾಸ್ಟಿಕ್ ದಾರವನ್ನು ಕಾಯಿಸಿ ಶಾವಿಗೆಯ ಹಾಗೆ ಸುತ್ತಿ ಸುತ್ತಿ ಮೇಲಕ್ಕೆ ಕಟ್ಟುವ ಯಂತ್ರ ಇದೆಯಂತೆ. ಅದರಲ್ಲಿ ಮಾಡಿಸಿಕೊಂಡು ಬಂದಳು. ಕೆಂಪು ಹಿಡಿ, ನೋಡಲು ಚೆನ್ನಾಗಿತ್ತು. ಅದೇ ದಿನ ಅನ್ನಕ್ಕೆ ಇಟ್ಟೆ. ಹಬೆ ತಾಗಿ ಹಿಡಿ ಒಂದು ಕಡೆಗೆ ವಾಲಿತು.

"ನೀನು ಉರಿ ಹತ್ರ ಇಟ್ಟೆ ಅಜ್ಜಿ. ಇಲ್ಲಾಂದ್ರೆ ಹಂಗಾಗ್ತಿರ್ಲಿಲ್ಲ."

"ಮುಚ್ಚಳ ಪಾತ್ರೆ ಮ್ಯಾಲೆ ಇಡದೆ ತಲೆ ಮ್ಯಾಲೆ ಇಟ್ಕೊಳ್ಳಾ?"

ಈ ಜಗಳ ಎರಡು ವರ್ಷ ನಡೆಯಿತು. ಯಾರೂ ಸೋಲಲಿಲ್ಲ.

ಕೊನೆಯ ವರ್ಷ ಅವಳು ಮಾಡಲು ಹೊರಟದ್ದು ಮಂಡಕ್ಕಿ ಸೋಸುವ ಯಂತ್ರ. ನನ್ನ ಭುಜ ನೋಡಿ ಮರುಗಿ ಆರಿಸಿದಳು ಎಂದು ಅವಳ ತಾಯಿ ಎಲ್ಲರಿಗೂ ಹೇಳುತ್ತಾಳೆ. ನನಗೆ ಗೊತ್ತಿರುವ ಹಾಗೆ, ತಂಡದಲ್ಲಿದ್ದ ನಾಲ್ವರಿಗೂ ಬೇರೆ ಏನೂ ಹೊಳೆದಿರಲಿಲ್ಲ. ಉಳಿದ ಮೂವರು ಬರೆಯುವ ಕೆಲಸ, ಫೋಟೋದ ಕೆಲಸ, ಸಾಮಾನು ತರುವ ಕೆಲಸ ಹಂಚಿಕೊಂಡರು. ಯಂತ್ರ ಇವಳ ತಲೆಗೆ ಬಂತು. ಅವಳ ಮೇಷ್ಟ್ರು ಮೊದಲೇ ಖಡಾಖಂಡಿತವಾಗಿ ಹೇಳಿದ್ದರು: ಕಂಪ್ಯೂಟರಿನಲ್ಲಿ ಓಡಿದರೆ ಸಾಲದು, ಹೊರಗಿನಿಂದ ಬರುವ ಪರೀಕ್ಷಕರ ಎದುರಿಗೆ ನಿಜವಾದ ಮಂಡಕ್ಕಿ ಸೋಸಿ ತೋರಿಸಬೇಕು. ಓಡಲಿಲ್ಲ ಅಂದರೆ ಪಾಸಿಲ್ಲ. ಮುಂದಿನ ವರ್ಷ ಮತ್ತೆ ಮೊದಲಿನಿಂದ.

ನನ್ನ ಕೈ ಹೇಗೆ ಆಡುತ್ತದೋ ಯಂತ್ರವೂ ಹಾಗೇ ಆಡಬೇಕು ಎಂಬುದು ಅವಳ ಲೆಕ್ಕ. ಅದಕ್ಕೆ ಭಟ್ಟಿಗೆ ಬಂದು ನನ್ನನ್ನು ಅಳೆಯುತ್ತೇನೆ, ವಿಡಿಯೋ ತೆಗೆಯುತ್ತೇನೆ ಎಂದಳು. ಭಟ್ಟಿಯ ಮಾಲೀಕರಾದ ಸಾಹೇಬರು ಬರಲಿ ಎಂದರು. ಒಂದು ದಿನ ಮುಂಚೆ ನನಗೆ ಹೇಳಿದಳು. ತಪ್ಪಾದದ್ದು ಅಲ್ಲೇ.

ನಮ್ಮ ಕಡೆ ಯಾರಾದರೂ ನೋಡಲು ಬರುತ್ತಾರೆ ಅಂದರೆ ನಾವು ಇದ್ದ ಹಾಗೆ ಇರುವುದಿಲ್ಲ. ಫೋಟೋಗೆ ನಿಂತರೆ ಉಸಿರು ಹಿಡಿಯುತ್ತೇವೆ. ನಾನೂ ಅಷ್ಟೇ. ಮದುವೆ ಮುಂಜಿಗೆ ಇಟ್ಟಿದ್ದ ಸೀರೆ ಉಟ್ಟೆ, ಎಣ್ಣೆ ಹಚ್ಚಿ ತಲೆ ಬಾಚಿದೆ. ಮರಳು, ಹೊಗೆ, ಬೆವರು ಇರುವ ಜಾಗಕ್ಕೆ ಆ ಸೀರೆ ಉಟ್ಟುಕೊಂಡು ಹೋದೆ. ನನ್ನ ಪಕ್ಕದಲ್ಲಿ ಕೂತು ಜರಡಿ ಹಿಡಿಯುವವಳು ಲೋಕಿಕೆರೆಯವಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಹತ್ತು ಪಟ್ಟು ದೊಡ್ಡದು. ನೋಡಿದವಳೇ ಶುರುಮಾಡಿದಳು.

"ಯಾಕಕ್ಕಾ, ಇವತ್ತು ಗಂಡಿನ ಕಡೆಯೋರು ನೋಡಾಕ ಬರ್ತಾರೇನು?"

"ಬಂದ್ರೆ ನಿನ್ನ ತೋರಿಸಿ ಓಡಿಸ್ತೀನಿ, ಸುಮ್ಕಿರು."

ಹುಡುಗಿ ಫೋನನ್ನು ಒಂದು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದಳು. ನೆಲದಿಂದ ಮೊಣಕೈಗೆ ಎಷ್ಟು, ಜರಡಿಗೂ ಎದೆಗೂ ಎಷ್ಟು ಎಂದು ಟೇಪು ಹಿಡಿದು ಬರೆದುಕೊಂಡಳು. ಆಮೇಲೆ "ನಡ್ಸು ಅಜ್ಜಿ" ಎಂದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ತೊಟ್ಟಿಲು ತೂಗಿದ ಹಾಗೆ ಜರಡಿಯನ್ನು ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸಿದೆ. ಒಂದು ಕಾಳೂ ಆಚೆ ಹಾರಲಿಲ್ಲ. ಲೋಕಿಕೆರೆಯವಳು ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಿದ್ದಳು. ಅವಳು ಯಾಕೆ ನಗುತ್ತಿದ್ದಾಳೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಎಲ್ಲಾ ಮುಗಿಯುತ್ತಿತ್ತು.

ಮುಂದಿನ ಒಂದು ತಿಂಗಳು ಹುಡುಗಿ ಕಂಪ್ಯೂಟರಿನ ಮುಂದೆಯೇ ಕೂತಳು. ಒಂದು ದಿನ ನನ್ನನ್ನು ಕರೆದು ತೋರಿಸಿದಳು. ಪರದೆಯ ಮೇಲೆ ಉದ್ದನೆಯ ಜರಡಿ, ಅದರ ಕೆಳಗೆ ಚೌಕಟ್ಟು, ನಡುವೆ ಕಾಲುಗಳ ಹಾಗೆ ನಿಂತ ನಾಲ್ಕು ತೆಳು ಉಕ್ಕಿನ ಪಟ್ಟಿ. ಪಕ್ಕದಲ್ಲಿ ಒಂದು ಚಕ್ರ. ಅದು ತಿರುಗಿದರೆ ಜರಡಿ ಹಿಂದೆ ಮುಂದೆ ಹೋಗುತ್ತದೆ. ಬೆರಳು ಆಡಿಸಿದರೆ ಇಡೀ ಯಂತ್ರ ತಲೆಕೆಳಗಾಗಿ ತನ್ನ ಹೊಟ್ಟೆ ತೋರಿಸುತ್ತಿತ್ತು.

"ಮರಳು ಎಲ್ಲೈತೆ?" ಎಂದು ಕೇಳಿದೆ.

"ಇದ್ರಾಗ ಮರಳು ಹಾಕಾಕ ಬರಲ್ಲ ಅಜ್ಜಿ. ಲೆಕ್ಕದಾಗ ಹಿಡಿದೀವಿ."

"ಮಂಡಕ್ಕಿ?"

"ಅದೂ ಲೆಕ್ಕದಾಗೇ."

"ಹಂಗಾದ್ರೆ ತಿನ್ನೋದೂ ಲೆಕ್ಕದಾಗೇ ತಿನ್ರಿ" ಎಂದು ಎದ್ದು ಬಂದೆ.

ಕಬ್ಬಿಣದ ಕೆಲಸಕ್ಕೆ ಹರಿಹರಕ್ಕೆ ಹೋಗಬೇಕಾಯಿತು. ಅಲ್ಲಿ ಸ್ಟೇಷನ್ ಕಡೆ ಹೋಗುವ ರಸ್ತೆಯಲ್ಲಿ ಒಬ್ಬ ಸಾಬರ ಲೇತ್ ಅಂಗಡಿ ಇದೆ. ಮಿಸ್ತ್ರಿ ನನ್ನಷ್ಟೇ ವಯಸ್ಸಿನವರು, ಕನ್ನಡಕದ ಒಂದು ಕಾಲಿಗೆ ತಂತಿ ಸುತ್ತಿದ್ದರು. ಹುಡುಗಿ ಒಬ್ಬಳೇ ಹೋಗುವುದು ಬ್ಯಾಡ ಎಂದು ಅವಳ ತಾಯಿ ಫೋನಿನಲ್ಲಿ ಹೇಳಿದ್ದರಿಂದ ನಾನೂ ಹೋಗಿದ್ದೆ. ಮಿಸ್ತ್ರಿ ಚಿತ್ರದ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎಣ್ಣೆ ಹತ್ತಿದ ಬೆರಳನ್ನು ಒಂದು ಮೂಲೆಯಲ್ಲಿ ಇಟ್ಟರು.

"ಈ ಬೋಲ್ಟ್ ಹೆಂಗೆ ಬಿಗೀತೀ ಬೇಟಾ?"

"ಪಾನಾ ಹಾಕಿ, ಚಾಚಾ."

"ಪಾನಾ ತಿರುಗಾಕ ಜಾಗ ಎಲ್ಲಿ ಬಿಟ್ಟೀ? ಕಂಪ್ಯೂಟರ್‌ನಾಗ ಬೋಲ್ಟ್ ತಾನೇ ಹೋಗಿ ಕೂಡ್ತದೆ. ಇಲ್ಲಿ ಕೈ ಹೋಗಬೇಕು, ಪಾನಾ ಹೋಗಬೇಕು, ಪಾನಾ ತಿರುಗಬೇಕು. ನಿನ್ನ ಕೈ ಇಲಿ ಕೈ ಆದ್ರೂ ಹೋಗಂಗಿಲ್ಲ."

ಹುಡುಗಿಯ ಮುಖ ಸಣ್ಣಗಾಯಿತು. ಒಂದು ಪಾನಾ ಕೇಳಿ ತೆಗೆದುಕೊಂಡು, ಅದನ್ನು ಗಾಳಿಯಲ್ಲಿ ತಿರುಗಿಸಿ ನೋಡಿ, ಎಷ್ಟು ಜಾಗ ಬೇಕು ಎಂದು ಅಳೆದು ಬರೆದುಕೊಂಡಳು. ಮನೆಗೆ ಬಂದು ಚಿತ್ರವನ್ನು ತಿದ್ದಿ, ಮುಂದಿನ ವಾರ ಮತ್ತೆ ಹೋದಳು. ಮಿಸ್ತ್ರಿ ಈ ಸಲ ಹಾಳೆಯನ್ನು ಬೆಳಕಿಗೆ ಹಿಡಿಯಲಿಲ್ಲ, ಗೋಡೆಯ ಮೊಳೆಗೆ ಸಿಕ್ಕಿಸಿ ಕೆಲಸ ಶುರುಮಾಡಿದರು. ಅದನ್ನು ನೋಡಿ ಹುಡುಗಿ ಏನೋ ಒಂದಿಷ್ಟು ಕಲಿಯುತ್ತಿದ್ದಾಳೆ ಅನ್ನಿಸಿತು.

ಯಂತ್ರ ತಯಾರಾಗಿ ಭಟ್ಟಿಗೆ ಬಂದಾಗ ಪರೀಕ್ಷೆಗೆ ಹದಿನೈದು ದಿನ ಇತ್ತು. ಹಳೆಯ ಗ್ರೈಂಡರಿನ ಮೋಟರು ಹಾಕಿದ್ದಳು. ಗುಂಡಿ ಒತ್ತಿದಳು. ಜರಡಿ ಹಿಂದೆ ಮುಂದೆ ಚೆನ್ನಾಗಿ ಆಡಿತು. ನಾನೇ ಒಂದು ಬುಟ್ಟಿ ಮಂಡಕ್ಕಿ ಸುರಿದೆ. ಮಂಡಕ್ಕಿ ಹಾಸಿಗೆಯ ಹಾಗೆ ಒಟ್ಟಿಗೆ ಮಲಗಿಕೊಂಡು ಜರಡಿಯ ಜೊತೆಗೇ ಅತ್ತಿತ್ತ ಹೋಯಿತು, ಮುಂದಕ್ಕೆ ಸರಿಯಲಿಲ್ಲ. ಮರಳು ಅದರ ಒಳಗೇ ಉಳಿಯಿತು. ಹುಡುಗಿ ವೇಗ ಹೆಚ್ಚು ಮಾಡಿದಳು. ಮಂಡಕ್ಕಿ ಒಂದಕ್ಕೊಂದು ಉಜ್ಜಿ ಪುಡಿಯಾಗಿ ಕೆಳಗೆ ಉದುರತೊಡಗಿತು.

"ನಿಲ್ಸವ್ವಾ, ನಿಲ್ಸು" ಎಂದಳು ಲೋಕಿಕೆರೆಯವಳು. "ಇದು ಸೋಸೋದಲ್ಲ, ಬೀಸೋದು. ಹಿಟ್ಟಿನ ಗಿರಣಿಗೆ ಕೊಡ್ರಿ."

ಮೂರು ದಿನ ಹುಡುಗಿ ಏನೇನೋ ಮಾಡಿದಳು. ಜಾಲರಿ ಬದಲಿಸಿದಳು, ಚಕ್ರ ಬದಲಿಸಿದಳು. ಮೂರನೇ ದಿನ ಮನೆಯಲ್ಲಿ ಅನ್ನದ ಮುಂದೆ ಕೂತು ಕಲಸಿದ್ದನ್ನು ಬಾಯಿಗೆ ಇಡಲಿಲ್ಲ.

"ನೀನು ಮಾಡ್ದಂಗೇ ಮಾಡ್ತೈತೆ ಅಜ್ಜಿ. ವಿಡಿಯೋಕ್ಕೂ ಯಂತ್ರಕ್ಕೂ ಒಂದು ಕೂದಲು ಫರಕಿಲ್ಲ. ನಿನ್ನ ಕೈಯಾಗೆ ಆಗೋದು ಇದ್ರಾಗ ಯಾಕ ಆಗಲ್ಲ?"

"ಆ ವಿಡಿಯೋ ತೋರ್ಸು" ಎಂದೆ.

ತೋರಿಸಿದಳು. ಯಾರೋ ಒಬ್ಬ ಹೆಂಗಸು ರೇಷ್ಮೆ ಅಂಚಿನ ಸೀರೆ ಉಟ್ಟು, ಪೂಜೆಗೆ ಕೂತವಳ ಹಾಗೆ ನೆಟ್ಟಗೆ ಕೂತು ಜರಡಿ ತೂಗುತ್ತಿದ್ದಳು. ಹಾಗೆ ಜರಡಿ ಹಿಡಿಯುವವಳು ನನ್ನ ಪಕ್ಕದಲ್ಲಿ ಬಂದು ಕೂತಿದ್ದರೆ ಒಂದೇ ಗಂಟೆಯಲ್ಲಿ ಎಬ್ಬಿಸಿ ಕಳಿಸುತ್ತಿದ್ದೆ. ಲೋಕಿಕೆರೆಯವಳು ಅವತ್ತು ಯಾಕೆ ನಕ್ಕಳು ಎಂದು ಆಗ ತಿಳಿಯಿತು.

"ಇದು ಸುಳ್ಳು" ಎಂದೆ. "ನಾನು ಹಿಂಗೆ ಹಿಡಿಯಲ್ಲ."

"ಮತ್ತೆ ಯಾಕ ಹಿಂಗೆ ಹಿಡಿದಿ?"

"ನೀನು ನೋಡ್ತಿದ್ದೆಯಲ್ಲ, ಅದಕ್ಕೆ."

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಕಲಸಿದ್ದ ಅನ್ನವನ್ನು ಗಬಗಬ ತಿಂದು ಕೈ ತೊಳೆದು ಬಂದು, "ಖರೇ ಹೆಂಗೆ ಹಿಡೀತೀ, ತೋರ್ಸು" ಎಂದಳು. ಮನೆಯಲ್ಲಿದ್ದ ಜರಡಿ ತಂದುಕೊಟ್ಟಳು. ನಾನು ಹಿಡಿದೆ. ಮತ್ತೆ ಬೆನ್ನು ನೆಟ್ಟಗಾಯಿತು, ಕೈ ಮತ್ತೆ ತೊಟ್ಟಿಲು ತೂಗಿತು. ಬೇಕೆಂದು ಮಾಡಲಿಲ್ಲ. ಈ ಕೆಲಸವನ್ನು ನಾನು ನೋಡಿಕೊಂಡು ಮಾಡಿದವಳಲ್ಲ. ಹೇಗೆ ಮಾಡುತ್ತೀ ಎಂದು ಕೇಳಿದರೆ ಕೈಗೆ ಮರೆತುಹೋಗುತ್ತದೆ.

ಮಾರನೆಯ ದಿನ ಅವಳು ಭಟ್ಟಿಗೆ ಫೋನು ತರಲಿಲ್ಲ, ಟೇಪು ತರಲಿಲ್ಲ. ಇಸ್ತ್ರಿ ಅಂಗಡಿಯಿಂದ ಒಂದು ಇದ್ದಿಲ ತುಂಡು ತಂದಿದ್ದಳು. ನಾನು ಕೂರುವ ಜಾಗದ ಬಲಕ್ಕೆ ಸುಣ್ಣ ಬಳಿದ ಗೋಡೆ. ಇದ್ದಿಲನ್ನು ಜರಡಿಯ ಬಲ ಅಂಚಿಗೆ ಬಟ್ಟೆಯಿಂದ ಕಟ್ಟಿ, ಗೋಡೆಗೆ ತಾಗುವ ಹಾಗೆ ಮಾಡಿದಳು. ಜರಡಿ ಹೋದ ಕಡೆ ಇದ್ದಿಲು ಗೆರೆ ಎಳೆಯಬೇಕು. "ನಾನು ಇರಲ್ಲ, ನೀನು ನಿನ್ನ ಕೆಲಸ ಮಾಡು" ಎಂದು ಹೇಳಿ ಬಾಗಿಲ ಆಚೆ ಹೋಗಿ ಕೂತಳು.

ಮೊದಲು ನಾನು ಇದ್ದಿಲನ್ನೇ ನೋಡುತ್ತಾ ಕೂತೆ. ಗೋಡೆಯ ಮೇಲೆ ಚಪ್ಪಟೆ ಗೆರೆ ಬಂತು. ಆಗ ಲೋಕಿಕೆರೆಯವಳು ಸುಮ್ಮನಿರಲಾರದೆ ಉಕ್ಕಡಗಾತ್ರಿಯ ಮಾತು ತೆಗೆದಳು. ಅಮಾವಾಸ್ಯೆಗೆ ಇಬ್ಬರೂ ಅಲ್ಲಿಯ ದೇವರಿಗೆ ಹೋಗಿದ್ದಾಗ ಅವಳ ಚಪ್ಪಲಿ ಕಳೆದಿತ್ತು. ನಾನು ಹಾಕಿಕೊಂಡು ಬಂದೆ ಎಂಬುದು ಅವಳ ದೂರು.

"ನಿನ್ನ ಚಪ್ಪಲಿ ನನ್ನ ಕಾಲಿಗೆ ಬರ್ತಾವೇನೇ? ನಿನ್ನ ಪಾದ ನೋಡು, ಮೊರ ಇದ್ದಂಗೈತೆ."

"ಮೊರ ಇದ್ದಂಗಿದ್ರೆ ನಿನಗ್ಯಾಕ ಬೇಕಿತ್ತು? ನದಿ ಮೆಟ್ಟಿಲತ್ರ ನನ್ನ ಕಣ್ಣಾರ ನೋಡೀನಿ, ನೀನು ಬಗ್ಗಿದ್ದು."

"ಬಗ್ಗಿದ್ದು ನೀರು ಮುಟ್ಟಾಕ! ದೇವ್ರ ಮುಂದೆ ಚಪ್ಪಲಿ ಕದಿಯೋಕೆ ನಾನೇನು ನಿನ್ನ ತವರುಮನೆಯೋಳಾ?"

"ತವರುಮನೆ ಸುದ್ದಿಗೆ ಬರಬ್ಯಾಡಕ್ಕಾ, ಈಗ್ಲೇ ಹೇಳ್ತೀನಿ!"

ಹೀಗೇ ಎರಡು ಚೀಲ ಮಂಡಕ್ಕಿ ಮುಗಿಯಿತು. ಚೀಲ ಕಟ್ಟಲು ಎದ್ದಾಗ ಹುಡುಗಿ ನನ್ನ ಹಿಂದೆ ಗೋಡೆ ನೋಡುತ್ತಾ ನಿಂತಿದ್ದಳು. ಚಪ್ಪಟೆ ಗೆರೆಯ ಮೇಲೆ ಹೊಸ ಗೆರೆ ಕಪ್ಪಗೆ ಮೂಡಿತ್ತು. ಅದು ಚಪ್ಪಟೆ ಇರಲಿಲ್ಲ. ನನ್ನ ಮಂಡಿಯ ಹತ್ತಿರ ಕೆಳಗೆ ಶುರುವಾಗಿ, ಮುಂದೆ ಹೋದ ಹಾಗೆ ಮೇಲಕ್ಕೆ ಏರಿತ್ತು, ಏಣಿಯನ್ನು ಓರೆ ಮಲಗಿಸಿದ ಹಾಗೆ.

"ನೀನು ತೂಗಲ್ಲ ಅಜ್ಜಿ, ಎಸೀತೀ" ಎಂದಳು. "ಪ್ರತಿ ಸಲ ಮುಂದಕ್ಕೂ ಮ್ಯಾಲಕ್ಕೂ ಎಸೀತೀ. ಮಂಡಕ್ಕಿ ಗಾಳಿಗೆ ಎದ್ದಾಗ ಮರಳು ಕೆಳಗೆ ಬೀಳ್ತೈತೆ."

ಎಸೆಯುತ್ತೇನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೋಡೆ ಹಾಗೆ ಹೇಳುತ್ತಿತ್ತು. ಅವಳು ಶಾಲೆಯ ಮಕ್ಕಳ ಕೋನಮಾಪಕ ತಂದು ಗೆರೆಗೆ ಹಿಡಿದು ನೋಡಿದಳು, ಫೋಟೋ ತೆಗೆದಳು. ಲೋಕಿಕೆರೆಯವಳು ಇಬ್ಬರನ್ನೂ ನೋಡಿ, "ಚಪ್ಪಲಿ ವಿಷ್ಯ ಮಾತ್ರ ಇನ್ನೂ ಮುಗಿದಿಲ್ಲ" ಎಂದಳು.

ಯಂತ್ರವನ್ನು ಹೊಸದಾಗಿ ಮಾಡಬೇಕಾಗಲಿಲ್ಲ. ನೆಟ್ಟಗೆ ನಿಂತಿದ್ದ ನಾಲ್ಕು ಪಟ್ಟಿಗಳನ್ನು ಹಿಂದಕ್ಕೆ ವಾಲಿಸಿದರೆ ಜರಡಿ ಮುಂದೆ ಹೋಗುವಾಗ ತಾನೇ ಮೇಲೇಳುತ್ತದೆ. ಅದಕ್ಕೆ ಪಟ್ಟಿಗಳ ಬುಡದ ತೂತುಗಳನ್ನು ಮುಂದಕ್ಕೆ ಸರಿಸಿ ಕೊರೆಯಬೇಕು, ಅಷ್ಟೇ. ಕೆಳಗಿನ ಚೌಕಟ್ಟನ್ನು ಬಿಚ್ಚಿ ಇಬ್ಬರೂ ಹರಿಹರದ ಬಸ್ಸು ಹತ್ತಿದೆವು. ಕಂಡಕ್ಟರ್ ಚೌಕಟ್ಟನ್ನು ನೋಡಿ ನಿಂತ.

"ಅಮ್ಮಾ, ಹೆಂಗಸರಿಗೆ ಫ್ರೀ ಐತೆ, ಒಪ್ತೀನಿ. ಈ ಕಬ್ಬಿಣ ಗಂಡೋ ಹೆಣ್ಣೋ?"

"ಹೆಣ್ಣೇ ಕಣಪ್ಪ. ದುಡಿಯಾಕ ಕರ್ಕೊಂಡು ಹೊಂಟೀವಿ."

ಬಸ್ಸು ನಕ್ಕಿತು. ಆದರೂ ಅವನು ಲಗೇಜು ಟಿಕೆಟ್ ಹರಿದುಕೊಟ್ಟ.

ಮಿಸ್ತ್ರಿ ಗೋಡೆಯ ಫೋಟೋ ನೋಡಿದರು. ಸೀಮೆಸುಣ್ಣದಿಂದ ಗುರುತು ಹಾಕಿ, "ಇದು ಸರಿ ಕಾಣ್ತದೆ" ಎಂದು ಕೊರೆಯತೊಡಗಿದರು. ಭಟ್ಟಿಗೆ ತಂದು ಜೋಡಿಸಿ ಗುಂಡಿ ಒತ್ತಿದಾಗ ಮಂಡಕ್ಕಿ ಎದ್ದು ಎದ್ದು ಬೀಳುತ್ತಾ ಮುಂದಕ್ಕೆ ನಡೆಯಿತು. ಕೆಳಗಿನ ತಟ್ಟೆಗೆ ಮರಳು ಸುರಿಯಿತು. ಲೋಕಿಕೆರೆಯವಳು ಹೀಗಳೆಯಲು ಏನಾದರೂ ಸಿಗುತ್ತದೆಯೇ ಎಂದು ಸುತ್ತಲೂ ನೋಡಿದಳು. "ಸದ್ದು ಜಾಸ್ತಿ ಐತೆ" ಎಂದಳು.

ಪರೀಕ್ಷೆಯ ದಿನ ಬೆಳಿಗ್ಗೆ ಆಟೋದಲ್ಲಿ ಎರಡು ಚೀಲ ಸೋಸದ ಮಂಡಕ್ಕಿ ಹಾಕಿಕೊಂಡು ನಾನೂ ಕಾಲೇಜಿಗೆ ಹೋದೆ. ದಿನಾ ಉಡುವ ಸೀರೆಯಲ್ಲೇ ಹೋದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮಾತು ಕಡಿಮೆಯ ಮನುಷ್ಯ. ಯಂತ್ರ ಓಡಿತು. ಅವರು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಹಲ್ಲಿಗೆ ಮರಳು ಸಿಗಲಿಲ್ಲ ಎಂದು ಮುಖದಲ್ಲೇ ಗೊತ್ತಾಯಿತು.

"ಪಟ್ಟಿಗಳನ್ನ ಇಷ್ಟೇ ಓರೆ ಮಾಡಬೇಕು ಅಂತ ಯಾವ ಪುಸ್ತಕದಲ್ಲಿ ಸಿಕ್ಕಿತು?" ಎಂದು ಹುಡುಗಿಯನ್ನು ಕೇಳಿದರು.

"ಪುಸ್ತಕ ಅಲ್ಲ ಸರ್, ನಮ್ಮ ಅಜ್ಜಿ ಕೈ" ಎಂದು ಗೋಡೆಯ ಫೋಟೋ ತೋರಿಸಿದಳು.

ಅವರು ನನ್ನ ಕಡೆ ತಿರುಗಿದರು. "ಅಮ್ಮಾ, ಒಂದ್ಸಲ ತೋರಿಸ್ರಿ ನೋಡೋಣ."

ಜರಡಿ ತಂದಿದ್ದೆವು. ನೆಲದ ಮೇಲೆ ಕೂತೆ. ಅವರು, ಅವಳ ಮೇಷ್ಟ್ರು, ತಂಡದ ಮೂವರು, ಇನ್ಯಾರೋ ಹತ್ತು ಜನ ಸುತ್ತ ನಿಂತರು. ಕೈ ಮತ್ತೆ ತೊಟ್ಟಿಲು ತೂಗಿತು. ಚಪ್ಪಟೆ. ನನಗೇ ಗೊತ್ತಾಗುತ್ತಿತ್ತು, ಆದರೆ ಬದಲಿಸಲು ಆಗಲಿಲ್ಲ.

ಪರೀಕ್ಷಕರು ಸ್ವಲ್ಪ ಹೊತ್ತು ನೋಡಿದರು. "ಇವರ ಕೈ ನೆಟ್ಟಗೆ ಹೋಗ್ತಿದೆಯಲ್ಲಮ್ಮ. ನಿನ್ನ ಗೆರೆ ಎಲ್ಲಿಂದ ಬಂತು? ಯಂತ್ರ ಯಾರೋ ಮಾಡಿಕೊಟ್ಟು, ಆಮೇಲೆ ಈ ಕಥೆ ಕಟ್ಟಿದ್ದಲ್ಲ ತಾನೇ?"

ಅವಳ ಮೇಷ್ಟ್ರು ನೆಲ ನೋಡಿದರು. ಪಕ್ಕದಲ್ಲಿ ಲೋಕಿಕೆರೆಯವಳು ಇದ್ದಿದ್ದರೆ ಅನ್ನಿಸಿತು. ಜೀವನದಲ್ಲಿ ಅವಳು ಬೇಕು ಅನ್ನಿಸಿದ್ದು ಅದೊಂದೇ ಸಲ. ಹುಡುಗಿ ನನ್ನ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತಳು.

"ಅಜ್ಜಿ, ಆ ಮುಚ್ಚಳದ ಹಿಡಿ ನೀನೇ ಕೆಡಿಸಿದ್ದು."

"ಏನಂದಿ?"

"ಉರಿ ಜೋರು ಮಾಡಿ ನೀನು ಆಚೆ ಮನೆಗೆ ಮಾತಾಡಾಕ ಹೋಗಿದ್ದೆ. ನಾನು ನೋಡೀನಿ."

"ನಾನು ಹೋಗಿದ್ದು ಕೊತ್ತಂಬರಿ ತರಾಕ! ಮೇಣದಂಥ ಹಿಡಿ ಮಾಡಿ ತಂದು ನನ್ನ ಮ್ಯಾಲೆ ಹಾಕ್ತೀಯಾ? ನಿನ್ನ ಕಾಲೇಜಿನಾಗ ಅನ್ನ ಬಿಸಿ ಇರತೈತೆ ಅಂತ ಯಾರೂ ಹೇಳಿಲ್ಲೇನು?"

"ಒಂದು ತಾಸು ಮಾತಾಡ್ಕೊಂತ ನಿಂತಿದ್ದೆ."

"ಯಾವನು ಹೇಳ್ದ ಒಂದು ತಾಸು ಅಂತ? ಅವನ್ನ ಕರಿ ಇಲ್ಲಿ!"

ಸುತ್ತ ನಿಂತವರು ನಗುತ್ತಿದ್ದರು. ನಾನು ನಿಜವಾಗಿಯೇ ಸಿಟ್ಟಿನಲ್ಲಿದ್ದೆ. ಹುಡುಗಿ ನನ್ನ ಮುಖ ಬಿಟ್ಟು ಜರಡಿಯ ಕಡೆ ಬೆರಳು ತೋರಿಸುತ್ತಿದ್ದಳು. ಪರೀಕ್ಷಕರು ಅಲ್ಲೇ ನೆಲದ ಮೇಲೆ ಬಗ್ಗಿ ಕೂತು ಪಕ್ಕದಿಂದ ನೋಡಿದರು. ಮಂಡಕ್ಕಿ ಎದ್ದು ಎದ್ದು ಬೀಳುತ್ತಿತ್ತು, ಕಾಲೇಜಿನ ನೆಲದ ಮೇಲೆ ಮರಳು ಗುಪ್ಪೆಯಾಗುತ್ತಿತ್ತು. ಅವರು ಹುಡುಗಿಯ ಕೈಯಿಂದ ಫೋನು ತೆಗೆದುಕೊಂಡು, ಗೋಡೆಯ ಗೆರೆಯನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿದರು.

"ಸಾಕು ನಿಲ್ಸಿರಮ್ಮ" ಎಂದರು. "ಹಿಡಿ ವಿಷಯ ಮನೆಯಲ್ಲಿ ತೀರಿಸಿಕೊಳ್ಳಿ."

ಪಾಸಾದಳು. ಯಂತ್ರ ಈಗ ಭಟ್ಟಿಯಲ್ಲಿದೆ. ಲೋಕಿಕೆರೆಯವಳು ಅದಕ್ಕೆ ಮಂಡಕ್ಕಿ ಸುರಿಯುತ್ತಾಳೆ, ಸದ್ದು ಜಾಸ್ತಿ ಎಂದು ದಿನಾ ಹೇಳುತ್ತಾಳೆ. ನಾನು ಅದರ ಬಾಯಿಯ ಹತ್ತಿರ ಕೂತು ಉಳಿದ ಕರಕನ್ನು ಆರಿಸುತ್ತೇನೆ. ಕರಕು ಯಾವುದು, ಒಳ್ಳೆಯದು ಯಾವುದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಗೋಡೆಗೆ ಸಾಹೇಬರು ಹಬ್ಬಕ್ಕೆ ಸುಣ್ಣ ಹೊಡೆಸಿದರು, ಗೆರೆ ಹೋಯಿತು. ಆದರೆ ಅದರ ಫೋಟೋ ಯಂತ್ರದ ಬಗ್ಗೆ ಹುಡುಗಿ ಕಾಲೇಜಿಗೆ ಬರೆದ ಪುಸ್ತಕದಲ್ಲಿದೆ. ಕೆಳಗೆ ಏನೋ ಇಂಗ್ಲಿಷಿನಲ್ಲಿ ಬರೆದಿದ್ದಾಳೆ. ಚಪ್ಪಲಿ ಜಗಳದ ಮಾತನ್ನೂ ಬರಿ, ಗೆರೆ ಬಂದದ್ದೇ ಅದರಿಂದ ಎಂದು ಹೇಳಿದ್ದೆ. ಬರೆದಿಲ್ಲ.

ಈಗ ಅವಳು ಹರಿಹರದಲ್ಲೇ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಚಿತ್ರ ಬರೆಯುವ ಕೆಲಸಕ್ಕೆ ಹೋಗುತ್ತಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಚೀಲದಲ್ಲಿ ಒಂದು ಪಾನಾ ಇಟ್ಟುಕೊಂಡಿರುತ್ತಾಳೆ. ಅನ್ನದ ಪಾತ್ರೆಯ ಮುಚ್ಚಳವನ್ನು ಮಾತ್ರ ನಾನು ಇವತ್ತಿಗೂ ಬಟ್ಟೆ ಹಿಡಿದೇ ತೆಗೆಯುತ್ತೇನೆ.